ಗಾಜಿನ ಪಟ ಮತ್ತು ಕಥೆಯ ದನಿ: ಮಕ್ಕಳ ಕಥೆಗಳ ಮಾಯಾದೀಪ ಚಿತ್ರಗಳನ್ನು ಕುರಿತು

ಕತ್ತಲೆಗೊಳಿಸಿದ ಕೋಣೆಯಲ್ಲಿ ಬಿಳಿಯ ಪರದೆಯ ಮೇಲೆ ಬಣ್ಣದ ಚಿತ್ರಗಳನ್ನು ಮೂಡಿಸಿ ಕಥೆ ಹೇಳುವ ಪದ್ಧತಿಯು ಚಲನಚಿತ್ರದ ಜನನಕ್ಕಿಂತ ಬಹು ಹಿಂದಿನದು. ಇದಕ್ಕೆ ಸಾಧನವಾಗಿದ್ದ ಯಂತ್ರವನ್ನು ನಮ್ಮ ಹಿರಿಯರು ಮ್ಯಾಜಿಕ್ ಲ್ಯಾಂಟರ್ನ್ ಎಂಬ ಇಂಗ್ಲಿಷ್ ಹೆಸರಿನಿಂದಲೇ ಕರೆದರು. ನಾವು ಈ ಲೇಖನದಲ್ಲಿ ಅದನ್ನು ಮಾಯಾದೀಪವೆಂದೂ, ಅದರೊಳಗೆ ಇರಿಸುತ್ತಿದ್ದ ಗಾಜಿನ ಸ್ಲೈಡನ್ನು ಪಟವೆಂದೂ ಕರೆಯುತ್ತೇವೆ. ಯಂತ್ರವು ಸರಳವಾದುದು. ತಗಡಿನ ಪೆಟ್ಟಿಗೆಯೊಳಗೆ ಒಂದು ದೀಪ. ಅದರ ಮುಂದೆ ಬೆಳಕನ್ನು ಒಟ್ಟುಗೂಡಿಸುವ ದಪ್ಪ ಮಸೂರ. ಮಸೂರದ ಮುಂದೆ ತಲೆಕೆಳಗಾಗಿ ನಿಲ್ಲಿಸಿದ ಪಟ. ಕೊನೆಗೆ, ಚಿತ್ರವನ್ನು ನೆಟ್ಟಗೆ ಮಾಡಿ, ಹಿಗ್ಗಿಸಿ ಪರದೆಗೆ ಮುಟ್ಟಿಸುವ ಮತ್ತೊಂದು ಮಸೂರ.

ಈ ಪಟಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿಯೂ ಹವ್ಯಾಸಿ ಸಂಗ್ರಾಹಕರ ಕಪಾಟುಗಳಲ್ಲಿಯೂ ಉಳಿದಿವೆ. ಅವುಗಳ ಛಾಯಾಪ್ರತಿಗಳು ಗಣಕಯಂತ್ರದ ತೆರೆಯ ಮೇಲೆ ಯಾರಿಗೆ ಬೇಕಾದರೂ ದೊರೆಯುತ್ತವೆ. ಇವುಗಳನ್ನು ನೋಡುವವರಲ್ಲಿ ಎರಡು ಪಂಗಡಗಳಿರುವುದನ್ನು ನಾವು ಗಮನಿಸಿದ್ದೇವೆ. ಸಂಗ್ರಾಹಕನು ಗಾಜು ಬಿರುಕುಬಿಟ್ಟಿದೆಯೇ, ಬಣ್ಣ ಮಾಸಿದೆಯೇ, ಮೂಲ ಪೆಟ್ಟಿಗೆ ಉಳಿದಿದೆಯೇ ಎಂದು ನೋಡುತ್ತಾನೆ. ಚಲನಚಿತ್ರದ ಇತಿಹಾಸಕಾರನು ಇವುಗಳನ್ನು ಸಿನಿಮಾದ ಮುತ್ತಜ್ಜನೆಂದು ಕರೆದು, ತನ್ನ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿ ಒಂದೆರಡು ಪುಟಗಳನ್ನು ಕೊಟ್ಟು, ಮುಂದಕ್ಕೆ ಸಾಗುತ್ತಾನೆ. ಇಬ್ಬರೂ ಪಟವನ್ನು ಕಣ್ಣಿಗೆ ಮಾತ್ರ ಸಂಬಂಧಿಸಿದ ವಸ್ತುವೆಂದು ತಿಳಿದಿದ್ದಾರೆ. ಮಕ್ಕಳ ಕಥೆಯ ಪಟಗಳ ವಿಷಯದಲ್ಲಿ ಈ ತಿಳಿವಳಿಕೆ ತಪ್ಪೆಂಬುದು ನಮ್ಮ ಅಭಿಪ್ರಾಯ. ಈ ಪಟಗಳು ಅರ್ಧ ಕೃತಿಗಳು. ಉಳಿದರ್ಧವು ಪಟದ ಪಕ್ಕದಲ್ಲಿ ನಿಂತು ಕಥೆ ಹೇಳುತ್ತಿದ್ದವರ ಬಾಯಲ್ಲಿತ್ತು. ಆ ಅರ್ಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವಿಮರ್ಶೆಯು ನಾಟಕದ ಪರದೆಗಳನ್ನು ಮಾತ್ರ ನೋಡಿ ನಾಟಕದ ಗುಣದೋಷಗಳನ್ನು ನಿರ್ಣಯಿಸಿದಂತೆ ಆಗುತ್ತದೆ.

ಯಂತ್ರದ ಪೂರ್ವೇತಿಹಾಸವನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್‌ನು 1659ರಲ್ಲಿ ಇದನ್ನು ರೂಪಿಸಿದನೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಮೊದಲ ಒಂದೂವರೆ ಶತಮಾನದಲ್ಲಿ ಪಟಗಳನ್ನು ಒಂದೊಂದಾಗಿ ಕೈಯಿಂದಲೇ ಬರೆಯಬೇಕಾಗಿತ್ತು. 1820ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಫಿಲಿಪ್ ಕಾರ್ಪೆಂಟರನು ತಾಮ್ರದ ತಗಡಿನಿಂದ ರೂಪರೇಖೆಯನ್ನು ಗಾಜಿಗೆ ಇಳಿಸಿ, ಬಣ್ಣವನ್ನು ಮಾತ್ರ ಕೈಯಿಂದ ತುಂಬಿಸುವ ಕ್ರಮವನ್ನು ಬಳಕೆಗೆ ತಂದನು. ಮುಂದೆ ಬಣ್ಣದ ಕಲ್ಲಚ್ಚಿನ ಚಿತ್ರಗಳನ್ನೇ ತೆಳುಪೊರೆಯಾಗಿ ಗಾಜಿನ ಮೇಲೆ ಅಂಟಿಸುವ ವಿಧಾನವು ಬಂದ ಮೇಲೆ ಪಟಗಳು ಅಗ್ಗವಾದವು. ಅಗ್ಗವಾದ ಮೇಲೆ ಮಕ್ಕಳ ಕೋಣೆಗೆ ಬಂದವು. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಅರ್ನ್ಸ್ಟ್ ಪ್ಲಾಂಕ್, ಬಿಂಗ್ ಸಹೋದರರು ಮೊದಲಾದವರು ತಗಡಿನ ಆಟಿಕೆ ದೀಪಗಳನ್ನೂ ಅವುಗಳಿಗೆ ಹೊಂದುವ ಉದ್ದನೆಯ ಗಾಜಿನ ಪಟ್ಟಿಗಳನ್ನೂ ತಯಾರಿಸಿದರು. ಲಂಡನ್ನಿನ ಡಬ್ಲ್ಯು. ಬುಚರ್ ಅಂಡ್ ಸನ್ಸ್ ಸಂಸ್ಥೆಯು ‘ಪ್ರೈಮಸ್’ ಎಂಬ ಮುದ್ರೆಯ ಕೆಳಗೆ ‘ಜೂನಿಯರ್ ಲೆಕ್ಚರರ್ಸ್’ ಮಾಲೆಯನ್ನು ಹೊರತಂದಿತು. ಸಿಂಡ್ರೆಲಾ, ರಾಬಿನ್‌ಸನ್ ಕ್ರೂಸೋ ಮುಂತಾದ ಕಥೆಗಳು ಅದರಲ್ಲಿದ್ದವು. ಒಂದು ಪೆಟ್ಟಿಗೆಯಲ್ಲಿ ಎಂಟು ಪಟಗಳು, ಅವುಗಳ ಜೊತೆಗೆ ಓದಿ ಹೇಳಲು ಅಚ್ಚಾದ ಒಂದು ಕಥಾಪಾಠ. ಮಾಲೆಯ ಹೆಸರನ್ನು ವಾಚಕರು ಗಮನಿಸಬೇಕು. ತಯಾರಕನು ಮಾರುತ್ತಿದ್ದುದು ನೋಡುವವನಿಗಲ್ಲ, ಹೇಳುವವನಿಗೆ. ಮನೆಯ ಹಿರಿಯ ಹುಡುಗನೋ ಹುಡುಗಿಯೋ ಅಂದಿನ ಸಂಜೆಗೆ ಉಪನ್ಯಾಸಕರಾಗಬೇಕೆಂಬುದು ಅವನ ಉದ್ದೇಶವಾಗಿತ್ತು.

ಈ ಅಂಟಿಸಿದ ಪಟಗಳನ್ನು ಕಲಾವಿಮರ್ಶಕರು ಹೀನವೆಂದು ಎಣಿಸುವುದು ವಾಡಿಕೆ. ಚಿತ್ರಕಲೆಯ ದೃಷ್ಟಿಯಿಂದ ಈ ಮಾತಿನಲ್ಲಿ ಹುರುಳಿದೆಯೆಂದು ನಾವೂ ಒಪ್ಪುತ್ತೇವೆ. ಬಣ್ಣಗಳು ಢಾಳವಾದವು, ಮುಖಗಳಲ್ಲಿ ಭಾವಭೇದವು ಕಡಿಮೆ. ಆದರೆ ಒಂದು ಲೆಕ್ಕವನ್ನು ಮಾಡಿ ನೋಡೋಣ. ಇಂಗ್ಲಿಷ್ ಪಟದ ರೂಢಿಯ ಅಳತೆ ಪ್ರತಿ ಬದಿಗೆ ಮೂರೂ ಕಾಲು ಅಂಗುಲ. ಅಂಚಿನ ಕಾಗದವನ್ನು ಕಳೆದರೆ ಚಿತ್ರಕ್ಕೆ ಉಳಿಯುವ ಜಾಗ ಸುಮಾರು 3 ಅಂಗುಲ. ಇದನ್ನು 9 ಅಡಿಯ ಪರದೆಗೆ ಹಿಗ್ಗಿಸಿದರೆ ಚಿತ್ರವು 36 ಪಟ್ಟು ದೊಡ್ಡದಾಗುತ್ತದೆ. ಗಾಜಿನ ಮೇಲೆ ಕೂದಲಿನಷ್ಟು ಸಣ್ಣದಾಗಿ ತಪ್ಪಿದ ಗೆರೆಯೂ ಪರದೆಯ ಮೇಲೆ ಬೆರಳಿನಲ್ಲಿ ತೋರಿಸಬಹುದಾದ ತಪ್ಪಾಗಿ ನಿಲ್ಲುತ್ತದೆ. ಆದುದರಿಂದ ಪಟದ ಚಿತ್ರಕಾರನಿಗೆ ಕಣ್ಣಿನ ಓರೆನೋಟವನ್ನೋ ತುಟಿಯಂಚಿನ ನಗೆಯನ್ನೋ ಬರೆಯುವ ಅವಕಾಶವು ಅತಿ ಸ್ವಲ್ಪ. ಅವನು ಮಾಡಬಹುದಾದುದೆಂದರೆ ಹೊರಗೆರೆಯನ್ನು ಗಟ್ಟಿಯಾಗಿ ಹಿಡಿದು, ಎಂಟು ಪಟಗಳಲ್ಲಿಯೂ ನಾಯಕಿಯ ಲಂಗದ ಬಣ್ಣವನ್ನೋ ಕೂದಲಿನ ಬಣ್ಣವನ್ನೋ ಒಂದೇ ಬಗೆಯಾಗಿ ಇರಿಸಿ, ಹಿಂದಿನ ಸಾಲಿನಲ್ಲಿ ಕುಳಿತ ಮಗುವಿಗೂ ‘ಇವಳೇ ಅವಳು’ ಎಂಬ ಗುರುತು ತಪ್ಪದಂತೆ ನೋಡಿಕೊಳ್ಳುವುದು. ಅಳುವೋ ನಗುವೋ, ಅದನ್ನು ಓದುವವರ ದನಿಯು ಒದಗಿಸುತ್ತಿತ್ತು. ಹೀಗೆ ನೋಡಿದಾಗ, ಮುಖಗಳಲ್ಲಿ ಕಾಣುವ ಬರಿತನವು ದೋಷವೆಂದು ನಮಗೆ ತೋರುವುದಿಲ್ಲ.

ಇನ್ನು ಪಟಕ್ಕೂ ಪಟಕ್ಕೂ ನಡುವಣ ತೆರಪಿನ ಮಾತು. ಷಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ಸಿಂಡ್ರೆಲಾ ಕಥೆಯಲ್ಲಿ ಮಲತಾಯಿಯ ಕಾಟ, ಅರಮನೆಯ ಔತಣ, ದೇವತೆಯ ನೆರವು, ನಡುರಾತ್ರಿಯ ಓಟ, ಗಾಜಿನ ಪಾದರಕ್ಷೆ, ಮದುವೆ, ಇಷ್ಟೆಲ್ಲವೂ ಇವೆ. ಎಂಟು ಪಟಗಳಲ್ಲಿ ಇದನ್ನು ಹೇಳಬೇಕಾದರೆ ಕಥೆಯ ಬಹುಭಾಗವು ಪರದೆಯ ಮೇಲೆ ಬರುವುದೇ ಇಲ್ಲ. ಒಲೆಯ ಮುಂದೆ ಕುಳಿತ ಹುಡುಗಿಯಿಂದ ರಥದಲ್ಲಿ ಕುಳಿತ ಹುಡುಗಿಗೆ ಒಂದೇ ನೆಗೆತ. ಸಿನಿಮಾದ ಯಂತ್ರವು ಚಿತ್ರಕ್ಕೂ ಚಿತ್ರಕ್ಕೂ ನಡುವಣ ತೆರಪನ್ನು ನೋಡುವವನ ಕಣ್ಣಿಗೆ ಬೀಳದಂತೆ ಮರೆಮಾಡುತ್ತದೆ. ಅದರ ಶಕ್ತಿಯೆಲ್ಲವೂ ಈ ಮರೆಮಾಚುವಿಕೆಯಲ್ಲಿದೆ. ಮಾಯಾದೀಪದ ಕಥೆಗಾರನಾದರೋ ಆ ತೆರಪಿನಲ್ಲಿಯೇ ವಾಸಿಸುತ್ತಾನೆ. ಒಂದನ್ನು ಮತ್ತೊಂದರ ಅಪೂರ್ಣ ರೂಪವೆಂದು ಹೇಳುವುದು ಹೇಗೆ ಸಾಧ್ಯ?

ಈ ಮಾತಿಗೆ ಮಾರ್ಸೆಲ್ ಪ್ರೂಸ್ತನ ಮಹಾಕಾದಂಬರಿಯ ಮೊದಲನೆಯ ಸಂಪುಟದಲ್ಲಿ (1913) ಒಳ್ಳೆಯ ಸಾಕ್ಷ್ಯವು ದೊರೆಯುತ್ತದೆ. ನಿದ್ರೆ ಬಾರದೆ ಕಳವಳಪಡುವ ಬಾಲಕನ ಮಲಗುವ ಕೋಣೆಯ ದೀಪಕ್ಕೆ ಮನೆಯವರು ಮಾಯಾದೀಪವನ್ನು ಜೋಡಿಸುತ್ತಾರೆ. ದುಷ್ಟನಾದ ಗೋಲೋ ಕುದುರೆಯೇರಿ ಸಾಧ್ವಿ ಜೆನೆವಿಯೆವಳ ಕೋಟೆಯ ಕಡೆಗೆ ಸಾಗುವ ಚಿತ್ರವು ಕೋಣೆಯ ಗೋಡೆಯ ಮೇಲೆ, ಕಿಟಕಿಯ ಪರದೆಯ ಮೇಲೆ, ಕೊನೆಗೆ ಬಾಗಿಲಿನ ಹಿಡಿಕೆಯ ಮೇಲೆ ಕೂಡ ಹರಿಯುತ್ತದೆ. ವಿಮರ್ಶಕರೆಲ್ಲರೂ ಈ ಬಾಗಿಲ ಹಿಡಿಕೆಯನ್ನು ಕುರಿತು ಬರೆದಿದ್ದಾರೆ. ನಮಗೆ ಮುಖ್ಯವಾಗಿ ಕಾಣುವುದು ಬೇರೊಂದು ವಿವರ. ಬಾಲಕನ ದೊಡ್ಡತ್ತೆಯು ಪಟದ ಜೊತೆಗೆ ಬಂದ ಕಥೆಯನ್ನು ಗಟ್ಟಿಯಾಗಿ ಓದುತ್ತಿದ್ದಾಳೆ, ಗೋಲೋ ಅದನ್ನು ಕೇಳಲೆಂದು ಕ್ಷಣಕಾಲ ಕುದುರೆಯನ್ನು ನಿಲ್ಲಿಸುತ್ತಾನೆ! ಚಿತ್ರವು ಮಾತಿಗಾಗಿ ಕಾಯುತ್ತದೆಂಬುದನ್ನು ಆ ಮಗುವು ಬಲ್ಲದು.

ಇದಕ್ಕೆ ವಿರುದ್ಧವಾಗಿ, ಮಾತು ಕೈಕೊಟ್ಟಾಗ ಏನಾಗುತ್ತದೆಂಬುದಕ್ಕೂ ಒಂದು ಪ್ರಸಿದ್ಧ ಉದಾಹರಣೆಯಿದೆ. ಡೇವಿಡ್ ಲಿವಿಂಗ್‌ಸ್ಟನ್ನನು 1854ರಲ್ಲಿ ಮಧ್ಯ ಆಫ್ರಿಕದ ಶಿಂಟೆ ಎಂಬ ದೊರೆಯ ಮುಂದೆ ಮಾಯಾದೀಪವನ್ನು ಪ್ರದರ್ಶಿಸಿದನು. ಮೊದಲನೆಯ ಪಟವು ಅಬ್ರಹಾಮನು ತನ್ನ ಮಗನನ್ನು ಬಲಿಕೊಡಲು ಕತ್ತಿಯನ್ನೆತ್ತಿ ನಿಂತ ಚಿತ್ರ. ಸ್ತ್ರೀಯರು ವಿವರಣೆಯನ್ನು ಮೌನವಾಗಿ ಕೇಳಿದರು. ಪಟವನ್ನು ಹೊರಕ್ಕೆ ಸರಿಸಿದಾಗ ಎತ್ತಿದ ಕತ್ತಿಯು ತಮ್ಮತ್ತ ಸರಿಯುವುದನ್ನು ಕಂಡು ತಾಯನ್ನು ಕೂಗುತ್ತ ಓಡಿಹೋದರು. ಈ ಪ್ರಸಂಗವನ್ನು ಆಫ್ರಿಕನ್ನರ ಮುಗ್ಧತೆಗೆ ನಿದರ್ಶನವಾಗಿ ಉಲ್ಲೇಖಿಸುವ ಪರಿಪಾಠವು ಬಹುಕಾಲ ನಡೆಯಿತು. ಅದಕ್ಕೆ ಅರ್ಧ ಶತಮಾನ ಮೊದಲೇ, ಪ್ಯಾರಿಸಿನ ಹಾಳುಬಿದ್ದ ಮಠವೊಂದರಲ್ಲಿ ರಾಬರ್ಟ್‌ಸನ್ ಎಂಬಾತನು ಚಕ್ರಗಳ ಮೇಲೆ ದೀಪವನ್ನು ಉರುಳಿಸಿ ದೆವ್ವಗಳನ್ನು ದೊಡ್ಡದಾಗಿಸಿದಾಗ ಅಲ್ಲಿಯ ನಾಗರಿಕರೂ ಕಿರುಚಿದ್ದರೆಂಬುದನ್ನು ಹೀಗೆ ಉಲ್ಲೇಖಿಸುವವರು ಮರೆತರು. ಶಿಂಟೆ ದೊರೆಯು ಕೊನೆಯವರೆಗೂ ಕುಳಿತು ನೋಡಿ, ಅನಂತರ ಯಂತ್ರವನ್ನು ಆಸಕ್ತಿಯಿಂದ ಪರೀಕ್ಷಿಸಿದನೆಂಬುದನ್ನೂ ಲಿವಿಂಗ್‌ಸ್ಟನ್ನನೇ ಬರೆದಿದ್ದಾನೆ. ನಮ್ಮ ವಾದಕ್ಕೆ ಸಂಬಂಧಿಸಿದ ಅಂಶವೆಂದರೆ ಸ್ತ್ರೀಯರು ಬೆದರಿದ ಗಳಿಗೆ. ವಿವರಣೆ ನಡೆಯುತ್ತಿದ್ದಾಗ ಅವರು ಕುಳಿತಿದ್ದರು. ವಿವರಣೆ ಮುಗಿದು, ಮುಂದಿನ ಪಟವು ಇನ್ನೂ ಬಾರದೆ ಇದ್ದ ತೆರಪಿನಲ್ಲಿ, ಕಥೆಯಿಂದ ಕಳಚಿಕೊಂಡ ಕತ್ತಿಯೊಂದು ಮಾತ್ರ ಅವರ ಕಡೆಗೆ ಬಂದಿತು.

ಭಾರತದಲ್ಲಿ ಈ ಕಲೆಯನ್ನು ತನ್ನದಾಗಿಸಿಕೊಂಡವರಲ್ಲಿ ಕಲ್ಯಾಣದ ಮಹಾದೇವ ಗೋಪಾಳ ಪಟವರ್ಧನರು ಅಗ್ರಗಣ್ಯರು. (ಇದು ಮುಂಬಯಿಯ ಬಳಿಯ ಕಲ್ಯಾಣ, ನಮ್ಮ ಪಕ್ಕದ ಬಸವಕಲ್ಯಾಣವಲ್ಲ. ಆದರೂ 1871ರಲ್ಲಿ ರಾಯಚೂರಿಗೆ ಮುಟ್ಟಿದ ರೈಲುಮಾರ್ಗವು ಆ ಕಲ್ಯಾಣದಿಂದಲೇ ಪುಣೆ, ಸೊಲ್ಲಾಪುರಗಳನ್ನು ಹಾದು ಕಲಬುರಗಿಗೆ ಬಂದಿತೆಂಬುದನ್ನು ನೆನೆದಾಗ ಅದು ನಮಗೆ ಅಷ್ಟೇನೂ ದೂರದ ಊರಲ್ಲ.) ಪಟವರ್ಧನರೂ ಅವರ ಮಕ್ಕಳೂ 1890ರ ದಶಕದಲ್ಲಿ ರಾಮಾಯಣ ಮಹಾಭಾರತಗಳ ಪ್ರಸಂಗಗಳನ್ನು ಗಾಜಿನ ಮೇಲೆ ಕೈಯಿಂದ ಬರೆದು, ಒಂದರ ಮುಂದೊಂದು ಪಟವನ್ನು ಸರಿಸಿ ಚಲನೆಯ ಭ್ರಮೆಯನ್ನು ಹುಟ್ಟಿಸಿ, ಮಾತು, ಹಾಡು, ವಾದ್ಯಗಳೊಡನೆ ಊರೂರಿನಲ್ಲಿ ಪ್ರದರ್ಶಿಸಿದರು. ಇದಕ್ಕೆ ಅವರು ಕೊಟ್ಟ ಹೆಸರು ‘ಶಾಂಬರಿಕ ಖರೋಲಿಕಾ’. ಶಂಬರನು ಮಾಯಾವಿದ್ಯೆಗೆ ಹೆಸರಾದ ಅಸುರ, ಪ್ರದ್ಯುಮ್ನನಿಂದ ಹತನಾದವನು. ವಿದೇಶದ ಯಂತ್ರಕ್ಕೆ ಪುರಾಣದಿಂದ ಹೆಸರನ್ನು ಹುಡುಕಿದ ಈ ಜಾಣ್ಮೆಯನ್ನು ಮೆಚ್ಚದೆ ವಿಧಿಯಿಲ್ಲ.

ಇವರ ಪಟಗಳನ್ನು ಕುರಿತು ಬರೆದವರು ಸಾಮಾನ್ಯವಾಗಿ ಎರಡು ತಾರೀಖುಗಳತ್ತ ಓಡುತ್ತಾರೆ: 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ನಡೆದ ಲೂಮಿಯೇರ್ ಸಹೋದರರ ಚಿತ್ರಗಳ ಪ್ರದರ್ಶನ, ಮತ್ತು 1913ರಲ್ಲಿ ತೆರೆಕಂಡ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’. ಪಟವರ್ಧನರು ಇವೆರಡಕ್ಕೂ ಮೆಟ್ಟಿಲಾಗಿ ಪರಿಣಮಿಸುತ್ತಾರೆ. ಇತಿಹಾಸವನ್ನು ಹಿಂದುಮುಂದಾಗಿ ಓದುವ ಈ ಅಭ್ಯಾಸವನ್ನು ನಾವು, ಇತಿಹಾಸದ ಅಧ್ಯಾಪಕರೇ, ಹೆಚ್ಚಾಗಿ ಬೆಳೆಸಿದವರು. ಫಾಲ್ಕೆಯವರ ಮೂಕಚಿತ್ರಕ್ಕೆ ಮಾತಿರಲಿಲ್ಲ. ಪಟವರ್ಧನರ ಪ್ರದರ್ಶನಕ್ಕೆ ಮಾತೂ ಇತ್ತು, ಹಾಡೂ ಇತ್ತು, ಬಣ್ಣವೂ ಇತ್ತು. ಯಾವುದು ಯಾವುದರ ಮುಂದುವರಿದ ರೂಪವೆಂಬುದನ್ನು ವಿದ್ಯಾರ್ಥಿಗಳು ತಾವೇ ವಿಚಾರಿಸಲಿ.

ಕನ್ನಡ ನಾಡಿನ ಓದುಗನಿಗೆ ಇಲ್ಲಿ ತೊಗಲುಗೊಂಬೆಯ ನೆನಪು ಬರುವುದು ಸಹಜ. ಕಿಳ್ಳೇಕ್ಯಾತರು ಪಾರದರ್ಶಕವಾಗುವಂತೆ ಹದಮಾಡಿದ ತೊಗಲಿನ ಮೇಲೆ ಬಣ್ಣದ ಚಿತ್ರಗಳನ್ನು ಬರೆದು, ಪರದೆಯ ಹಿಂದೆ ದೀಪವನ್ನಿಟ್ಟು, ತಲೆತಲಾಂತರದಿಂದ ರಾಮಾಯಣ ಮಹಾಭಾರತಗಳನ್ನು ಆಡಿಸಿದವರು. ಮನೆಯಲ್ಲಿ ಮರಾಠಿಯ ಒಂದು ಪ್ರಭೇದವನ್ನಾಡಿ ಪರದೆಯ ಹಿಂದೆ ಕನ್ನಡದಲ್ಲಿ ಕಥೆ ಹೇಳುವ ಈ ಜನರ ಗೊಂಬೆಗಳನ್ನು ಎಂ. ಎಸ್. ನಂಜುಂಡರಾಯರು ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗಾಗಿ ಸಂಗ್ರಹಿಸಿದ್ದು ಒಂದು ದೊಡ್ಡ ಉಪಕಾರ. ಹಾಗೆಂದು ಮಾಯಾದೀಪವು ನಮ್ಮಲ್ಲಿ ಮೊದಲೇ ಇತ್ತೆಂದು ಹೆಮ್ಮೆಪಡುವುದು ಸರಿಯಲ್ಲ. ಗೊಂಬೆಯು ಪರದೆಗೆ ತಾಗಿಕೊಂಡೇ ನಿಲ್ಲುತ್ತದೆ; ತೊಗಲಿನ ಅಳತೆಯೇ ಚಿತ್ರದ ಅಳತೆ; ಮಸೂರವಿಲ್ಲ. ಆಡಿಸುವವನೂ ಹೇಳುವವನೂ ಪರದೆಯ ಹಿಂದೆ ಅಡಗಿದ್ದಾರೆ. ಮಾಯಾದೀಪದಲ್ಲಿ ಹೇಳುವವನು ನೋಡುವವರ ನಡುವೆಯೇ ಇದ್ದಾನೆ. ಅವನ ಕೈ, ಪಟದ ಪೆಟ್ಟಿಗೆ, ಪಟ ಸರಿಸುವ ಸದ್ದು ಎಲ್ಲವೂ ಮಗುವಿಗೆ ತಿಳಿಯುತ್ತವೆ. ಹೋಲಿಕೆಯಿರುವುದು ಯಂತ್ರದಲ್ಲಲ್ಲ, ಬೆಳಗಿದ ಚಿತ್ರಕ್ಕೆ ಬಾಯಿಮಾತಿನ ಕಾಲವನ್ನು ಕೊಡುವ ರೀತಿಯಲ್ಲಿ.

ಈ ‘ಬಾಯಿಮಾತಿನ ಕಾಲ’ವೆಂಬುದನ್ನು ನಾವು ಗ್ರಂಥಗಳಿಂದ ಕಲಿಯಲಿಲ್ಲ, ಕುಸನೂರಿನಲ್ಲಿ ಕಲಿತೆವು. ಸಿಂಡ್ರೆಲಾ ಕಥೆಯ ಎಂಟು ಹಳೆಯ ಪಟಗಳ ಛಾಯಾಪ್ರತಿಗಳನ್ನು ಒಂದು ಸಂಜೆ ಅಲ್ಲಿಯ ಸುಣ್ಣ ಬಳಿದ ಗೋಡೆಯೊಂದರ ಮೇಲೆ ಮಕ್ಕಳಿಗೆ ತೋರಿಸಿದೆವು. ಇಂದಿನ ವಿದ್ಯುತ್ ಪ್ರೊಜೆಕ್ಟರೇ ನಮ್ಮ ದೀಪ. ಮೊದಲು ಏನೂ ಹೇಳದೆ ಎಂಟನ್ನೂ ತೋರಿಸಿದೆವು. ಎರಡು ನಿಮಿಷಗಳೂ ಹಿಡಿಯಲಿಲ್ಲ. ದೂರದರ್ಶನದಿಂದ ಕಥೆ ತಿಳಿದಿದ್ದ ಒಬ್ಬ ಹುಡುಗಿ ಹೆಸರು ಕೂಗಿದಳು. ಉಳಿದವರು ಹೆಂಗಸು, ಕುದುರೆ, ಚಪ್ಪಲಿ ಎಂದು ವಸ್ತುಗಳ ಹೆಸರು ಹೇಳಿ, ‘ಮುಗೀತೇನ್ರಿ?’ ಎಂದು ಕೇಳಿದರು. ಆಗ ಕಟ್ಟೆಯ ಮೇಲೆ ಕುಳಿತಿದ್ದ, ಮಕ್ಕಳು ‘ಆಯಿ’ ಎಂದು ಕರೆಯುತ್ತಿದ್ದ ವೃದ್ಧೆಯೊಬ್ಬರನ್ನು ‘ಅಮ್ಮ, ಇದಕ್ಕೊಂದು ಕಥೆ ಹೇಳುವಿರಾ?’ ಎಂದು ಬೇಡಿಕೊಂಡೆವು. ಅವರು ಎಂಟನ್ನೂ ಒಮ್ಮೆ ನೋಡಿ, ಮೊದಲನೆಯದನ್ನು ಹಾಕಿಸಿ, ಆರಂಭಿಸಿದರು. ಒಲೆಯ ಮುಂದಿನ ಹುಡುಗಿಗೆ ಮಲತಾಯಿ ಕೊಟ್ಟ ಕೆಲಸಗಳ ಪಟ್ಟಿಯೇ ಬಹಳ ಹೊತ್ತು ನಡೆಯಿತು. ಸಾಕೆಂದು ಭಾವಿಸಿ ನಾವು ಮುಂದಿನ ಪಟಕ್ಕೆ ಕೈಹಾಕಿದಾಗ ಅವರು ತಡೆದರು: ‘ತಡೀರಿ ಸರ, ಆಕಿ ಇನ್ನಾ ಅಳ್ಳಕತ್ತಾಳ.’

ಪರದೆಯ ಮೇಲಿನ ಹುಡುಗಿ ಅಳುತ್ತಿರಲಿಲ್ಲ. ಆಕೆಯ ಮುಖದಲ್ಲಿ ಎರಡು ಚುಕ್ಕೆ, ಒಂದು ಗೆರೆ ಮಾತ್ರ ಇದ್ದವು. ಆದರೆ ಮಕ್ಕಳು ನಮ್ಮತ್ತ ಸಿಟ್ಟಿನಿಂದ ತಿರುಗಿ ನೋಡಿದುದನ್ನು ಕಂಡಾಗ, ಅವರೆಲ್ಲರಿಗೂ ಆಕೆಯ ಅಳು ಕಾಣುತ್ತಿತ್ತೆಂಬುದರಲ್ಲಿ ನಮಗೆ ಸಂದೇಹ ಉಳಿಯಲಿಲ್ಲ. ಕೈಕೋಲು ಹಿಡಿದು ಬಂದ ದೇವತೆಯನ್ನು ಅವರು ಸತ್ತ ತಾಯಿಯೆಂದು ಹೇಳಿದರು. ಗ್ರಿಮ್ ಸಹೋದರರ ಪಾಠದಲ್ಲಿ ತಾಯಿಯ ಗೋರಿಯ ಮೇಲಿನ ಮರವೇ ಹುಡುಗಿಗೆ ನೆರವಾಗುವುದನ್ನು ಬಲ್ಲವರಿಗೆ ಇದು ಅಚ್ಚರಿಯೇನಲ್ಲ. ನಡುರಾತ್ರಿಯ ಗಡುವು ಕೋಳಿ ಕೂಗುವ ಗಡುವಾಯಿತು. ಎ. ಕೆ. ರಾಮಾನುಜನ್ನರು ಪ್ರಕಟಿಸಿದ ‘ಹಂಚಿ’ ಎಂಬ ಕನ್ನಡ ಕಥೆಯಲ್ಲಿ ನಾಯಕಿಯು ತನ್ನ ರೂಪವನ್ನು ಮಣ್ಣಿನ ಮುಖವಾಡದಿಂದ ಮರೆಸಿಕೊಳ್ಳುತ್ತಾಳೆ. ಸಿಂಡ್ರೆಲಾ ಕಥೆಯ ಬಂಧುವಾದ ಈ ಕಥೆಯನ್ನು ಅವರು ವಿದ್ವಲ್ಲೋಕಕ್ಕೆ ಪರಿಚಯಿಸಿ ದಶಕಗಳೇ ಸಂದಿವೆ. ಕುಸನೂರಿನ ಆಯಿಯ ಕಥೆಯಲ್ಲಿ ಮುಖವಾಡ ಬರಲಿಲ್ಲ, ಆದರೆ ಬೂದಿ ಬಳಿದ ಮುಖವನ್ನು ಅವರು ಎರಡು ಬಾರಿ ವರ್ಣಿಸಿದರು. ಲಂಡನ್ನಿನ ಅಚ್ಚುಕೂಟದ ಎಂಟು ಚಿತ್ರಗಳು ಇಷ್ಟೆಲ್ಲಕ್ಕೂ ಎಡೆಗೊಟ್ಟವು. ಒಂದು ಚಿತ್ರವೂ ಅವರನ್ನು ಎದುರುಹಾಕಿಕೊಳ್ಳಲಿಲ್ಲ. ಸಿನಿಮಾದ ಸಿಂಡ್ರೆಲಾಳಿಂದ ಈ ಸೌಜನ್ಯವನ್ನು ನಿರೀಕ್ಷಿಸಲಾಗದು.

ಆದುದರಿಂದ ಪಟಗಳ ಸೂಚಿಗಳನ್ನು ಸಿದ್ಧಪಡಿಸುವವರಲ್ಲಿ ನಮ್ಮದೊಂದು ವಿಜ್ಞಾಪನೆ. ಅಳತೆ, ತಯಾರಕ, ಬಣ್ಣದ ವಿಧಾನ, ಬಿರುಕು ಇವುಗಳನ್ನು ಬರೆಯುವ ಸಾಲುಗಳ ಜೊತೆಗೆ, ಪಟದೊಡನೆ ಬಂದ ಕಥಾಪಾಠ ಉಳಿದಿದೆಯೇ, ಪೆಟ್ಟಿಗೆಯ ಮುಚ್ಚಳದ ಮೇಲೆ ಯಾರಾದರೂ ಪೆನ್ಸಿಲಿನಲ್ಲಿ ಕ್ರಮಸಂಖ್ಯೆಯನ್ನು ತಿದ್ದಿದ್ದಾರೆಯೇ, ಮೂಲೆಯ ಬಿಳಿಯ ಗುರುತು ಎಷ್ಟು ಸವೆದಿದೆ ಎಂಬುದಕ್ಕೂ ಒಂದು ಸಾಲು ಇರಲಿ. ಕತ್ತಲೆಯಲ್ಲಿ ಪಟದ ಮೇಲುಕೆಳಗನ್ನು ಬೆರಳಿನಿಂದ ತಿಳಿಯಲು ಇಟ್ಟ ಆ ಗುರುತು ಹೆಚ್ಚು ಸವೆದಿದ್ದರೆ, ಆ ಪಟವನ್ನು ಹೆಚ್ಚು ಬಾರಿ ಹಿಡಿದಿದ್ದಾರೆ. ಹಳೆಯ ಪ್ರದರ್ಶನಗಳನ್ನು ನೋಡಿದವರ, ಅವುಗಳ ಮಾತನ್ನು ಕೇಳಿ ಬಲ್ಲ ಮನೆತನಗಳ ನೆನಪುಗಳು ದೊರೆತರೆ ಅವುಗಳನ್ನು ಪಟದ ಸಂಖ್ಯೆಯ ಎದುರಿಗೇ ಬರೆದಿಡಬೇಕು. ಬೇರೊಂದು ಕಡತದಲ್ಲಿ ಇಟ್ಟರೆ ಎರಡೂ ಮತ್ತೆ ಸೇರುವುದಿಲ್ಲ.

ಕುಸನೂರಿನ ಸಂಜೆಯದನ್ನು ನಾವು ಹೀಗೆಯೇ ಬರೆದಿಟ್ಟಿದ್ದೇವೆ. ಮೊದಲನೆಯ ಪಟದ ಎದುರಿಗೆ ಹನ್ನೊಂದು ನಿಮಿಷ. ನಾಲ್ಕನೆಯದರ ಎದುರಿಗೆ ಅರ್ಧ ನಿಮಿಷ, ‘ಇದ್ರಾಗೇನಿಲ್ಲ, ಮುಂದ ನಡೀರಿ’ ಎಂಬ ಅವರ ಮಾತು. ಪಾದರಕ್ಷೆಯ ಪಟ ಬಂದಾಗ ಹುಡುಗಿಯ ಗುರುತು ಸಿಕ್ಕಿತೆಂದು ಹೇಳಿ ಆಯಿ ಕಥೆಯನ್ನು ಮುಗಿಸಿ ಎದ್ದರು, ಅವರ ಹಿಂದೆ ಮಕ್ಕಳೂ ಎದ್ದರು. ಮದುವೆಯ ಚಿತ್ರವಾದ ಎಂಟನೆಯ ಪಟದ ಎದುರಿಗೆ ನಮ್ಮ ಟಿಪ್ಪಣಿಯಲ್ಲಿ ‘ಬೇಡವೆಂದರು’ ಎಂದಿದೆ.